ಐದನೆಯ ಸಲ ನಿಂತ ಉಡ

ಮಕ್ಕಳೇ, ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಈಶ್ವರನ ಗುಡಿಗೆ ಹೂ ಕಟ್ಟಿಕೊಡುತ್ತಿದ್ದ ಗುರುಸಿದ್ದಮ್ಮನವರು. ಅವರು ಹೇಳಿದಂತೆಯೇ ಹೇಳುತ್ತೇನೆ, ಸಾವಧಾನವಾಗಿ ಕೇಳಿ.

ಕುರುಚಲು ಕಾಡಿನ ನಡುವೆ ಒಂದು ಕೆರೆ. ಅದರ ಜೊಂಡಿನಲ್ಲಿ ನೀರುಕೋಳಿಗಳು, ದಡದ ಬಿಲಗಳಲ್ಲಿ ಏಡಿಗಳು, ನೀರಿನಲ್ಲಿ ಕಪ್ಪೆ, ಆಮೆಗಳು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಕೆರೆಗೊಬ್ಬ ಯಜಮಾನನನ್ನು ಆರಿಸುತ್ತಿದ್ದರು. ಅದಕ್ಕೊಂದು ಕಟ್ಟಳೆ ಇತ್ತು. ಯಜಮಾನಿಕೆಗೆ ನಿಂತವನು ಮನೆಮನೆಗೂ ಹೋಗಿ ಕೈಮುಗಿದು ಕೇಳಬೇಕು. ಹಾಗೆ ಬಂದವನಿಗೆ ಯಾರೂ ತಮ್ಮ ಗೂಡನ್ನು ಮರೆಮಾಡಬಾರದು. ಗೆದ್ದವನು ದಿನವಿಡೀ ಎಲ್ಲರ ಕಣ್ಣೆದುರು ನಡುಬಂಡೆಯ ಮೇಲೆ ಕೂತು ಕೆರೆ ಕಾಯಬೇಕು.

ಉಡಪ್ಪನೆಂಬ ಉಡ ನಾಲ್ಕು ವರ್ಷ ನಿಂತು ನಾಲ್ಕು ಸಲವೂ ಆಮೆಯೆದುರು ಸೋತಿದ್ದ. ಈಗ ಐದನೆಯ ಸಲ.

ಪುಟ್ಟತಾಯಿ ಎಂಬ ನೀರುಕೋಳಿ ಐದು ಮೊಟ್ಟೆಗೆ ಕಾವು ಕೊಡುತ್ತಿದ್ದಳು. ಹೋದ ವರ್ಷ ಅವಳ ಆರು ಮೊಟ್ಟೆಗಳೂ ಮಾಯವಾಗಿದ್ದವು. ಎಲ್ಲರೂ ಕಾಗೆಯನ್ನು ಬೈದು ಸುಮ್ಮನಾಗಿದ್ದರು.

ಉಡಪ್ಪ ಹಣೆಗೆ ವಿಭೂತಿ ಬಳಿದುಕೊಂಡು ಬಂದ. "ಚೆನ್ನಾಗಿದ್ದೀರಾ ಅಕ್ಕಾ? ಈ ಸಲ ಎಷ್ಟು ಮೊಟ್ಟೆ?"

"ಬಂದ ಕೆಲಸ ಹೇಳಪ್ಪ."

"ಅದೇ, ಯಜಮಾನಿಕೆ. ಕಾವಿಗೆ ಕೂತು ಎಷ್ಟು ದಿನ ಆಯ್ತು? ಮೇಯೋಕೆ ಎಷ್ಟು ಹೊತ್ತಿಗೆ ಹೋಗ್ತೀರಿ?"

ಪುಟ್ಟತಾಯಿಗೆ ಯಾಕೋ ಸರಿಕಾಣಲಿಲ್ಲ. ಕೆರೆಯಲ್ಲಿ ನೀರು ಇಳಿಯುತ್ತಿದೆ, ಅದರ ಮಾತೇ ಇಲ್ಲ. ಇವನಿಗೆ ನನ್ನ ಮೊಟ್ಟೆಯ ವಿಚಾರವೇ ಯಾಕೆ?

ಅಷ್ಟರಲ್ಲಿ ಪಕ್ಕದ ಮನೆಯ ಕಪ್ಪೆ ಕುಪ್ಪಳಿಸಿ ಬಂದ. "ಉಡಪ್ಪಣ್ಣ, ಈ ಸಲ ನೀನೇ ಗೆಲ್ಲೋದು! ಪಾಪ, ನಾಲ್ಕು ಸಲ ಸೋತಿದ್ದಾನೆ ಅಂತ ನಮ್ಮವರೆಲ್ಲ ನಿನ್ನ ಕಡೆ."

ಉಡಪ್ಪನ ಮುಖ ಇಳಿದುಹೋಯಿತು. "ಅಯ್ಯೋ, ಅಷ್ಟೆಲ್ಲ ಬಲವಂತ ಬೇಡಪ್ಪ. ಆಮೆ ಹಿರಿಯರು, ಅವರೇ ಇರಲಿ ಬಿಡಿ."

ಗೆಲ್ಲುತ್ತೀಯ ಎಂದರೆ ಬೆವರುವವನು ನಿಲ್ಲುವುದಾದರೂ ಯಾಕೆ? ಪುಟ್ಟತಾಯಿ ಹಿಂದಿನದನ್ನೆಲ್ಲ ನೆನೆದಳು. ಇವನು ನಿಂತ ನಾಲ್ಕು ವರ್ಷವೂ ಜೊಂಡಿನಲ್ಲಿ ಮೊಟ್ಟೆಗಳು ಮಾಯವಾಗಿದ್ದವು. ಅದಕ್ಕೂ ಮುಂಚೆ ಕೆರೆಯಲ್ಲಿ ಕಾಗೆಗಳು ಇರಲಿಲ್ಲವೇ? ಆಗ ಮೊಟ್ಟೆಗಳು ಹೀಗೆ ಹೋಗುತ್ತಿರಲಿಲ್ಲವಲ್ಲ!

ಕಪ್ಪೆ ಹೋದಮೇಲೆ ಅವಳು ದನಿ ತಗ್ಗಿಸಿದಳು. "ತಮ್ಮಾ, ನೀನು ನಂಬಿಕಸ್ಥ ಅಂತ ಹೇಳ್ತೀನಿ. ನಾಳೆ ಬೆಳಿಗ್ಗೆ ಮೊಟ್ಟೆಗಳನ್ನ ಹೊಂಗೆ ಬೇರಿನ ಕೆಳಗಿನ ಬಿಲಕ್ಕೆ ಸಾಗಿಸ್ತೀನಿ. ಮಧ್ಯಾಹ್ನ ನಾನು ಮೇಯೋಕೆ ಹೋದಾಗ ಅಲ್ಲಿ ಯಾರೂ ಇರಲ್ಲ. ಬೇರೆ ಯಾರಿಗೂ ಹೇಳಬೇಡ."

"ದೇವರಾಣೆ ಹೇಳಲ್ಲ ಅಕ್ಕಾ."

ಆ ಆಣೆಯನ್ನು ಅವನು ಮುರಿಯಲಿಲ್ಲ. ಯಾರಿಗೂ ಹೇಳದೆ ಮರುದಿನ ಮಧ್ಯಾಹ್ನ ಒಬ್ಬನೇ ಬಂದು ಬಿಲಕ್ಕೆ ಮೂತಿ ತೂರಿಸಿದ.

ಅದು ಕೆಂಚಣ್ಣ ಎಂಬ ಮುದಿ ಏಡಿಯ ಬಿಲ. ಪುಟ್ಟತಾಯಿ ಅವನಿಗೆ ಮೊದಲೇ ಎಲ್ಲ ತಿಳಿಸಿದ್ದಳು; ಮೊಟ್ಟೆಗಳು ಜೊಂಡಿನ ಗೂಡಿನಲ್ಲೇ ಇದ್ದವು. ಕೆಂಚಣ್ಣ ಉಡಪ್ಪನ ಮೂತಿಯನ್ನು ಇಕ್ಕಳದಂಥ ಕಾಲಿನಿಂದ ಕಚ್ಚಿ ಹಿಡಿದ. ಉಡಪ್ಪನ ಕೂಗಿಗೆ ಕೆರೆಯೆಲ್ಲ ಓಡಿಬಂತು.

"ಓಟು ಕೇಳೋಕೆ ಬಂದಿದ್ದೆ!" ಎಂದು ಉಡಪ್ಪ ಒದ್ದಾಡಿದ.

"ಓಟು ಕೇಳೋಕೆ ಬಾಯಿ ಬಿಡಬೇಕು, ಸರಿ. ಇಷ್ಟಗಲ ಯಾಕಪ್ಪಾ?" ಎಂದ ಕೆಂಚಣ್ಣ.

ಪುಟ್ಟತಾಯಿ ಮುಂದೆ ಬಂದಳು. "ಇಲ್ಲಿ ಮೊಟ್ಟೆ ಇವೆ ಅಂತ ಇವನೊಬ್ಬನಿಗೇ ಹೇಳಿದ್ದೆ. ಗೆಲ್ಲೋದು ಇವನಿಗೆ ಬೇಕೇ ಇರಲಿಲ್ಲ. ಗೆದ್ದರೆ ಬಂಡೆ ಮೇಲೆ ಎಲ್ಲರ ಕಣ್ಣಿಗೆ ಬೀಳ್ತಾನಲ್ಲ! ಕೈಮುಗಿಯೋ ನೆಪದಲ್ಲಿ ಯಾರ ಗೂಡು ಎಲ್ಲಿದೆ ಅಂತ ನೋಡ್ಕೋಬೇಕಿತ್ತು, ಅಷ್ಟೇ."

"ಥೂ, ಇವನು ಸೋತಾಗೆಲ್ಲ ನಾನು ಅತ್ತಿದ್ದೆನಲ್ಲೋ!" ಎಂದ ಕಪ್ಪೆ.

ಉಡಪ್ಪ ಮೂತಿ ಕಿತ್ತುಕೊಂಡು ಪೊದೆಗಳಾಚೆ ಓಡಿದ. ವಾರ ಕಳೆಯುವಷ್ಟರಲ್ಲಿ ಐದು ಕರಿಮರಿಗಳು ಪುಟ್ಟತಾಯಿಯ ಹಿಂದೆ ಈಜತೊಡಗಿದವು.

ಆಗಲೇ ಕೊಕ್ಕರೆಯೊಂದು ಸುದ್ದಿ ತಂದಿತು. ಗುಡ್ಡದಾಚೆಯ ಕೆರೆಯಲ್ಲಿ ಹೊಸ ಉಡವೊಂದು ಮನೆಮನೆಗೂ ಹೋಗಿ ಕೈಮುಗಿಯುತ್ತಿದೆಯಂತೆ. ಮೂತಿಯ ಗಾಯ ಜನಸೇವೆ ಮಾಡುವಾಗ ಆದದ್ದಂತೆ.

"ನೀನು ತಿರುಗಿ ಹೋಗು ಮಾರಾಯ, ನಡೆದದ್ದನ್ನೆಲ್ಲ ಅಲ್ಲಿ ಹೇಳು," ಎಂದಳು ಪುಟ್ಟತಾಯಿ. ಕೊಕ್ಕರೆ ಹಾರಿತು. ಆದರೆ ಒಂದು ಕೊಕ್ಕರೆ ಎಷ್ಟು ಕೆರೆಗೆಂದು ಹೋದೀತು? ಆದ್ದರಿಂದ ಮಕ್ಕಳೇ, ಈ ಕತೆಯನ್ನು ನೀವೂ ನಾಲ್ಕು ಜನಕ್ಕೆ ಹೇಳಿ. ಉಡಪ್ಪ ಅವರ ಬಾಗಿಲಿಗೆ ಹೋಗುವ ಮೊದಲೇ ಹೇಳಿ.

ನೀತಿ: ಅಧಿಕಾರ ಕೇಳಿಕೊಂಡು ಮತ್ತೆ ಮತ್ತೆ ಬಾಗಿಲಿಗೆ ಬರುವವನು ಏನು ಕೊಡುತ್ತೇನೆ ಎನ್ನುತ್ತಾನೆ ಎಂಬುದಕ್ಕಿಂತ, ಏನನ್ನು ವಿಚಾರಿಸುತ್ತಾನೆ ಎಂಬುದನ್ನು ಗಮನಿಸಬೇಕು.