ದೀಪ ಆರಿಸುವವನ ಕೈಗೆ ತಿಜೋರಿ ಕೀಲಿ

ಗದಗಿನ ಒಂದು ಆಸ್ಪತ್ರೆಯಲ್ಲಿ ನೀಲಗಂಗಾ ಎಂಬಾಕೆ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಳು. ಕರೆಂಟು ಹೋದಾಗ ಬ್ಯಾಟರಿ ಎಷ್ಟು ಉಳಿದಿದೆ ಎಂದು ನೋಡಿ ಆ ಕಂಪ್ಯೂಟರುಗಳನ್ನು ಆರಿಸುವ ಪ್ರೋಗ್ರಾಮೊಂದು ಅಲ್ಲಿ ಹಿನ್ನೆಲೆಯಲ್ಲಿ ಸದಾ ಓಡುತ್ತಿತ್ತು. ಅದು ಆ ಕೆಲಸ ಬಿಟ್ಟು ಬೇರೇನನ್ನೂ ಮುಟ್ಟದಂತೆ ನೀಲಗಂಗಾ ಬಿಗಿಯಾದ ನಿಯಮ ಹಾಕಿದ್ದಳು. ಅದು ರೋಗಿಗಳ ದಾಖಲೆಗಳ ಕಡೆ ಇಣುಕಿದರೆ ಸಾಕು, 'ಅನುಮತಿ ಇಲ್ಲ' ಎಂದು ಪರದೆಯ ಮೇಲೆ ಬರುತ್ತಿತ್ತು.

ಒಂದು ದಿನ ಮ್ಯಾನೇಜರ್ ದೇಸಾಯರು ಅದನ್ನು ನೋಡಿ ಕೆರಳಿದರು.

"ನನ್ನ ಆಸ್ಪತ್ರ್ಯಾಗ ಅನುಮತಿ ಇಲ್ಲ ಅನ್ನಾಕ ಅದ್ಯಾರು? ಆ ಪ್ರೋಗ್ರಾಮಿಗೆ ಎಲ್ಲಾ ಬಾಗ್ಲ ತೆರದ ಬಿಡು. ಇಲ್ಲಾಂದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ!"

"ಆಗ್ಲಿ ಬಿಡ್ರಿ ಸರ," ಎಂದಳು ನೀಲಗಂಗಾ.

ಸಂಜೆ, ವರಾಂಡದ ದೀಪ ಆರಿಸುವ ಹುಸೇನಪ್ಪ ದೇಸಾಯರ ಕೋಣೆಗೆ ಬಂದ. ತಲೆ ಕೆರೆದುಕೊಳ್ಳುತ್ತಾ ಕೈ ಚಾಚಿದ.

"ತಿಜೋರಿ ಕೀಲಿ ಕೊಡ್ರಿ ಸರ. ನಿಮ್ಮ ಫೋನೂ ಕೊಡ್ರಿ. ನೀಲಗಂಗಕ್ಕ ಇಸ್ಕೊಂಡು ಬಾ ಅಂದ್ಲು."

ದೇಸಾಯರು ಕುರ್ಚಿಯಿಂದ ಎದ್ದೇಬಿಟ್ಟರು. "ದೀಪ ಆರಿಸಾಕ ತಿಜೋರಿ ಕೀಲಿ ಯಾಕಲೇ? ಸ್ವಿಚ್ ಮುಟ್ಟಿದ್ರ ಸಾಕಲ್ಲ! ನೀ ಒಳ್ಳೆಯವನs, ಆದ್ರ ನಿನ್ನ ಕಿಸೆದಾಗಿಂದ ಯಾರರ ಕೀಲಿ ಎಗರಿಸಿದ್ರ?"

ಬಾಗಿಲಲ್ಲಿ ನಿಂತಿದ್ದ ನೀಲಗಂಗಾ ಮೆಲ್ಲಗೆ ಹೇಳಿದಳು: "ನಾನೂ ಆ ಪ್ರೋಗ್ರಾಮಿಗೆ ಅಷ್ಟs ಹೇಳೀನ್ರಿ ಸರ. ಕಂಪ್ಯೂಟರ್ ಆರಿಸಾಕ ರೋಗಿಗಳ ದಾಖಲೆ ಯಾಕ ಅಂತ."

ದೇಸಾಯರು ಅವಳನ್ನು ನೋಡಿದರು, ಹುಸೇನಪ್ಪನನ್ನು ನೋಡಿದರು. ಆಮೇಲೆ ಹೊಟ್ಟೆ ಅಲುಗುವ ಹಾಗೆ ನಕ್ಕರು.

"ಶಾಣ್ಯಾಕಿ ಇದ್ದೀಯವಾ! ಇನ್ನಮ್ಯಾಲೆ ನಾನs ಬಂದು ಒದರಿದ್ರೂ ಆ ನಿಯಮ ಸಡ್ಲ ಮಾಡಬ್ಯಾಡ."