ಇನ್ನೂರ ಮೂವತ್ತನಾಲ್ಕು ಮೀಟರ್ ಹಗ್ಗ

ಮನುಷ್ಯನನ್ನು ಆಕಾಶಕ್ಕೆ ಹಾರಿಸಲು ಆಗಷ್ಟೇ ಹೊರಟಿದ್ದ ಕಾಲ. ರಾಕೆಟ್ಟೇನೋ ಭಾರಿ, ಲೆಕ್ಕಕ್ಕೆ ಮಾತ್ರ ಎಂಜಿನಿಯರುಗಳ ಜೇಬಿನ ಸ್ಲೈಡ್ ರೂಲೇ ಗತಿ.

ಪಟ್ಟಿಯೊಳಗೆ ಪಟ್ಟಿ ಸರಿಯುವ ಗೇಣುದ್ದದ ಕೋಲು ಅದು. ಗುಣಾಕಾರದ ಅಂಕಿಗಳನ್ನು ಥಟ್ಟನೆ ತೋರಿಸುತ್ತದೆ. ಆದರೆ ದಶಾಂಶದ ಚುಕ್ಕಿ ಎಲ್ಲಿ ಬೀಳಬೇಕೆಂದು ಹೇಳುವುದಿಲ್ಲ. ಅದನ್ನು ಕೋಲು ಹಿಡಿದವರೇ ತಿಳಿಯಬೇಕು.

ಈ ವಿದ್ಯೆ ಕಲಿಸುತ್ತಿದ್ದ ತೀರ್ಥಪ್ಪ ಮೇಷ್ಟ್ರ ಮನೆ ಹೊಳೆದಂಡೆಯಲ್ಲಿತ್ತು. ಶಿಷ್ಯೆ ಸುಗುಣ ಬಹಳ ಚುರುಕು. ಆ ಚುರುಕೇ ಮೇಷ್ಟ್ರಿಗೆ ತಲೆನೋವು.

ಒಂದು ದಿನ ಅವಳು ಕಾಗದವೊಂದನ್ನು ಹಿಡಿದು ಓಡಿಬಂದಳು. ಗಗನಯಾತ್ರಿಯನ್ನು ಭೂಮಿಗೆ ಇಳಿಸುವ ಲೆಕ್ಕಕ್ಕೆ ರಾಕೆಟ್ ಕೇಂದ್ರದವರು ಅವಳನ್ನು ಕರೆದಿದ್ದರು. ಗುರುವಿನ ಸಹಿ ಒಂದೇ ಬಾಕಿ.

“ಸಹಿ ಆಮೇಲೆ.” ಮೇಷ್ಟ್ರು ದಂಡೆಯಲ್ಲಿದ್ದ ತೆಪ್ಪವನ್ನು ತೋರಿಸಿದರು. “ಈ ತೆಪ್ಪ ಸೆಕೆಂಡಿಗೆ ಸೊನ್ನೆ ಪಾಯಿಂಟ್ ಏಳು ಮೂರು ಮೀಟರ್ ತೇಲುತ್ತೆ. ಮೂವತ್ತೆರಡು ಸೆಕೆಂಡಿಗೆ ನಿಲ್ಲಬೇಕು. ಎಷ್ಟುದ್ದ ಹಗ್ಗ ಕಟ್ಟಲಿ?”

ಸುಗುಣ ಪಟ್ಟಿ ಸರಿಸಿದಳು. “ಇನ್ನೂರ ಮೂವತ್ತನಾಲ್ಕು ಮೀಟರ್, ಮೇಷ್ಟ್ರೇ.”

ಮೇಷ್ಟ್ರು ಹಣೆ ಚಚ್ಚಿಕೊಂಡರು. “ಅಂಕಿ ಸರಿ. ಚುಕ್ಕಿ ಎಲ್ಲಿ?”

“ಒಂದು ಚುಕ್ಕಿ ತಾನೇ? ಅಲ್ಲಿ ಇನ್ನಿಬ್ಬರು ತಾಳೆ ನೋಡ್ತಾರೆ ಬಿಡಿ.”

“ಮೊದಲು ಅಂದಾಜು, ಆಮೇಲೆ ಕೋಲು ಅಂತ ಎಷ್ಟು ಸಲ ಬಡ್ಕೊಳ್ಳಲಿ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು!”

ಸುಗುಣ ಮುಖ ಊದಿಸಿಕೊಂಡಳು.

ಮೇಷ್ಟ್ರು ಹೋಗಿ ತೆಪ್ಪಕ್ಕೆ ಹಗ್ಗ ಬಿಗಿದು ಬಂದರು. “ತೆಪ್ಪ ಹತ್ತು.”

“ನಾನಾ?”

“ಲೆಕ್ಕ ಯಾರದ್ದು?”

ಅವಳು ಹತ್ತಿದಳು. ಮೇಷ್ಟ್ರು ತೆಪ್ಪವನ್ನು ನೀರಿಗೆ ತಳ್ಳಿದರು.

ತೆಪ್ಪ ಸ್ವಲ್ಪ ದೂರ ಹೋದ ಮೇಲೆ ಸುಗುಣ ತಲೆಯೆತ್ತಿ ನೋಡಿದಳು. ಮುಂದೆ ಬಂಡೆಗಳ ಸಾಲು, ಅದರ ಮೇಲೆ ನೊರೆ. ಅವು ಐವತ್ತು ಮೀಟರ್ ದೂರವೂ ಇರಲಿಲ್ಲ.

“ಮೇಷ್ಟ್ರೇ, ತಪ್ಪಾಯ್ತು! ಇಪ್ಪತ್ತಮೂರು! ಇಪ್ಪತ್ತಮೂರಕ್ಕೆ ನಿಲ್ಲಿಸಿ!”

ಹಗ್ಗ ಬಿಗಿಯಿತು. ತೆಪ್ಪ ಗಿರ್ರನೆ ಸುತ್ತಿ ನಿಂತಿತು. ಮೇಷ್ಟ್ರು ಮೊದಲೇ ಅಷ್ಟುದ್ದಕ್ಕೇ ಅಳೆದು ಹೊಂಗೆಮರಕ್ಕೆ ಕಟ್ಟಿದ್ದರು.

ಗೊಣಗುತ್ತಲೇ ಅವಳನ್ನು ದಡಕ್ಕೆಳೆದರು. “ಕೋಲು ನೋಡಿ ಹೇಳಿದೆಯಾ?”

“ಇಲ್ಲ. ಅದು ಎಲ್ಲಿ ಬಿತ್ತೋ ಗೊತ್ತಿಲ್ಲ.”

“ಮತ್ತೆ ಚುಕ್ಕಿ ಹೆಂಗೆ ಸಿಕ್ತು?”

“ಬಂಡೆ ಕಂಡ್ತು. ಸೆಕೆಂಡಿಗೆ ಒಂದು ಮೀಟರೂ ಹೋಗದ ತೆಪ್ಪ ಅರ್ಧ ನಿಮಿಷಕ್ಕೆ ಇನ್ನೂರು ಮೀಟರ್ ಹೆಂಗೆ ಹೋಗುತ್ತೆ ಅಂತ ಆಗ ಹೊಳೀತು.” ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಕಾಗದ ತೆಗೆದು ಮಡಚತೊಡಗಿದಳು. “ಸಹಿ ಬೇಡ ಮೇಷ್ಟ್ರೇ. ನನಗೆ ಭಯ ಆಗ್ತಿದೆ.”

“ಸದ್ಯ, ಇವತ್ತಾದರೂ ಆಯ್ತಲ್ಲ!” ಮೇಷ್ಟ್ರು ಕಾಗದ ಕಿತ್ತುಕೊಂಡು ಪರಪರ ಸಹಿ ಹಾಕಿದರು.

“ಆಕಾಶದಿಂದ ಇಳಿಯೋನಿಗೆ ಬಂಡೆ ಕಾಣಲ್ಲ ಕಣಮ್ಮ. ಮೇಜಿನ ಮುಂದೆ ಕೂತ ನಿಂಗೆ ಕಾಣಬೇಕು.”