ನೀವು ಮೊದಲು ಮಲಗಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ, ಮೂರು ತಾಲ್ಲೂಕಿಗೆ ಹೆಸರಾದ ನನ್ನ ಈ ಮೀಸೆ ಇವತ್ತೇ ಉದುರಿಹೋಗಲಿ.

ಪೇಟೆಯಲ್ಲಿ ಇಟ್ಟಿಗೆ ಹೊತ್ತು ಸುಸ್ತಾದ ಕತ್ತೆಯೊಂದು ಮೂರು ದಿನ ರಜೆ ಪಡೆದು ಬೆಟ್ಟದೂರಿನ ಸಾವಯವ ತೋಟಕ್ಕೆ ಹೋಯಿತು. ಅದಕ್ಕೆ ಬೇಕಾಗಿದ್ದುದು ನಿದ್ದೆಯೊಂದೇ. ತೋಟದ ಮುದಿ ಎತ್ತು ಕೊಟ್ಟಿಗೆಯಲ್ಲಿ ಮೆತ್ತಗೆ ಹುಲ್ಲು ಹಾಸಿ ಕಾದಿತ್ತು.

"ಬನ್ನಿ ರಾಯರೇ, ಮಲಗಿ. ಔಷಧಿ ಕಾಣದ ಹುಲ್ಲು. ಹಾಸಿಗೆಗೂ ಆಯಿತು, ಊಟಕ್ಕೂ ಆಯಿತು."

"ಉಂಟೇ ಎತ್ತಣ್ಣ! ಬೆಳಗಿನಿಂದ ಗೊಬ್ಬರದ ಗಾಡಿ ಎಳೆದವರು ನೀವು. ನೀವು ಮೊದಲು ಮಲಗಿ."

"ನೆಂಟರು ನಿಂತಿರುವಾಗ ನಾನು ಮಲಗಿದರೆ ಊರವರು ಏನಂದಾರು?"

"ಮನೆಯವರು ನಿಂತಿರುವಾಗ ನಾನು ಮಲಗಿದರೆ ನಮ್ಮ ಪೇಟೆಯ ಮಾನ ಉಳಿದೀತೇ?"

ಹೀಗೇ ಎರಡು ದಿನ ಕಳೆಯಿತು. ಕತ್ತೆಯ ಕಾಲು ನಡುಗುತ್ತಿತ್ತು, ಎತ್ತಿನ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಗೊಬ್ಬರ ಕೆದರುತ್ತಿದ್ದ ಕೋಳಿ, "ಒಬ್ಬರಾದರೂ ಬೀಳ್ರಪ್ಪ, ನೋಡಿ ನೋಡಿ ನನಗೇ ಸುಸ್ತಾಯಿತು" ಎಂದು ಬಂದು ಆ ಹುಲ್ಲಿನ ಮೇಲೆ ತಾನೇ ಮಲಗಿತು.

ಮೂರನೆಯ ದಿನ ಸಂಜೆ ಕತ್ತೆಯ ರಜೆ ಮುಗಿಯಿತು.

"ಬಹಳ ಆರಾಮವಾಯಿತು, ಎತ್ತಣ್ಣ."

"ಮುಂದಿನ ಸಲ ಒಂದು ವಾರ ಇರುವ ಹಾಗೆ ಬನ್ನಿ, ರಾಯರೇ."

ಕತ್ತೆ ರಸ್ತೆಯ ತಿರುವು ದಾಟಿದ್ದೇ ತಡ, ಇಲ್ಲಿ ಎತ್ತು ದೊಪ್ಪನೆ ಬಿತ್ತು, ಅಲ್ಲಿ ಕತ್ತೆ ದೊಪ್ಪನೆ ಬಿತ್ತು. ಎರಡಕ್ಕೂ ಗೊರಕೆ.

ಒಂದೇ ಒಂದು ಸಣ್ಣ ವಿಷಯ ನಾನು ಸೇರಿಸಿದ್ದು: ಆ ತಿರುವು. ಕತ್ತೆ ಅಷ್ಟು ದೂರ ಹೋಗಲೇ ಇಲ್ಲ. ಬೇಲಿ ದಾಟಿದ ಕೂಡಲೇ ಜಲ್ಲಿಕಲ್ಲಿನ ಮೇಲೆ ಮಲಗಿಬಿಟ್ಟಿತ್ತು.